ಓದುಗರ ಪ್ರಶ್ನೆ: ಮಕ್ಕಳ ಕೈಯಲ್ಲಿ ಮೈಕು, ಊರಿನವರ ಮಾತು

ಶಾಲೆ ಮಕ್ಕಳೂ ಸುತ್ತಮುತ್ತಲಿನ ಜನರೂ ಸೇರಿ ಆಡಿಯೊ, ವಿಡಿಯೊ, ಫೋಟೊ ಮಾಡುವ ಬಗ್ಗೆ ಈ ಸಲ ಜಾಸ್ತಿ ಪತ್ರ ಬಂದಿವೆ. ಐದಕ್ಕೆ ಉತ್ತರ ಬರೆದಿದ್ದೇನೆ. ಬರೆದವರ ಹೆಸರು ಬೇಕಂತಲೇ ಹಾಕಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ನಮ್ಮ ಎಂಟನೇ ತರಗತಿ ಮಕ್ಕಳು ಹತ್ತಿರದ ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡುತ್ತಿದ್ದಾರೆ. ಇಪ್ಪತ್ತು ಪ್ರಶ್ನೆ ಬರೆದುಕೊಟ್ಟಿದ್ದೇನೆ. ಆದರೆ ಹಿರಿಯರು "ಹೂಂ", "ಇಲ್ಲ", "ಚೆನ್ನಾಗಿತ್ತು" ಅಂತ ಮುಗಿಸಿಬಿಡುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?

ಮೊದಲು ಆ ಪ್ರಶ್ನೆ ಹಾಳೆ ಎತ್ತಿಡಿ. ಕೈಯಲ್ಲಿ ಹಾಳೆ ಇದ್ದರೆ ಮಗುವಿನ ಕಣ್ಣು ಮುಂದಿನ ಪ್ರಶ್ನೆ ಮೇಲೇ ಇರುತ್ತದೆ, ಎದುರಿಗೆ ಕೂತವರನ್ನು ನೋಡುವುದೇ ಇಲ್ಲ. ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮೂರು ಪ್ರಶ್ನೆ ಸಾಕು, ಅವು ತಲೆಯಲ್ಲಿರಲಿ.

"ಆಗ ಶಾಲೆ ಚೆನ್ನಾಗಿತ್ತಾ?" ಅಂತ ಕೇಳಿದರೆ "ಹೂಂ" ಅಂತಲೇ ಉತ್ತರ ಬರೋದು. "ಮನೆಯಿಂದ ಶಾಲೆಗೆ ಹೋಗುವ ದಾರಿ ಹೇಳಿ, ಬಾಗಿಲಿಂದಲೇ ಶುರು ಮಾಡಿ" ಅಂತ ಕೇಳಿಸಿ ನೋಡಿ. ದಾರಿ ಹೇಳುತ್ತಾ ಹೋದ ಹಾಗೆ ಯಾರ ಮನೆ ಎಲ್ಲಿತ್ತು, ಯಾವ ತಿರುವಿನಲ್ಲಿ ಭಯ ಆಗುತ್ತಿತ್ತು, ಯಾರ ಜೊತೆ ಜಗಳ ಆಡಿದ್ದು, ಎಲ್ಲಾ ತಾನಾಗಿ ಬರುತ್ತದೆ. ಇನ್ನೊಂದು ಒಳ್ಳೇ ಪ್ರಶ್ನೆ "ಅದನ್ನ ಹೇಗೆ ಮಾಡ್ತಿದ್ರಿ, ತೋರಿಸಿ" ಅನ್ನೋದು. 1966ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನ ಒಂದು ಶಾಲೆಯ ಮಕ್ಕಳು ಹಿರಿಯರನ್ನು ಮಾತಾಡಿಸಿ ಫಾಕ್ಸ್‌ಫೈರ್ ಅನ್ನುವ ಪತ್ರಿಕೆ ಶುರು ಮಾಡಿದರು. ಮರದ ದಿಮ್ಮಿಯ ಮನೆ ಕಟ್ಟುವ ಕೆಲಸದಂಥವನ್ನೇ ಹಿಡಿದು ಹೇಗೆ, ಹೇಗೆ ಅಂತ ಕೇಳುತ್ತಾ ಹೋದರು. ಆ ಬರಹಗಳು 1972ರಲ್ಲಿ ಪುಸ್ತಕವಾಗಿ ಬಂದು ಭಾರೀ ಮಾರಾಟ ಆಯಿತು. ಕೈಗೆ ಗೊತ್ತಿರುವ ಕೆಲಸದ ಬಗ್ಗೆ ಕೇಳಿದರೆ ಮಾತೇ ಬಾರದವರೂ ಮಾತಾಡುತ್ತಾರೆ.

ಆಮೇಲೆ, ಮಕ್ಕಳಿಗೆ ಸುಮ್ಮನಿರುವುದನ್ನು ಕಲಿಸಿ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಮನಸ್ಸಿನಲ್ಲೇ ಐದರವರೆಗೆ ಎಣಿಸಲಿ. ನಾನು ಜೊತೆಗಿದ್ದ ಒಂದು ರೆಕಾರ್ಡಿಂಗ್‌ನಲ್ಲಿ ಹಿರಿಯರೊಬ್ಬರು ಹಳೇ ಸೇತುವೆ ಕಟ್ಟಿದ್ದರ ಬಗ್ಗೆ ಹೇಳುತ್ತಿದ್ದರು. ಕೇಳುತ್ತಿದ್ದ ಹುಡುಗಿಗೆ ಮುಂದಿನ ಪ್ರಶ್ನೆ ಮರೆತೇಹೋಯಿತು. ಪಾಪ, ಗಾಬರಿಯಲ್ಲಿ ಸುಮ್ನೆ ಕೂತಳು. ಅವರು ಬೆರಳಿಂದ ಮೇಜಿನ ಅಂಚು ಸವರುತ್ತಾ ಇದ್ದವರು, ಸ್ವಲ್ಪ ಹೊತ್ತಾದ ಮೇಲೆ "ಕಲ್ಲು ಹೊರೋಕೆ ನಮ್ಮಮ್ಮನೂ ಹೋಗ್ತಿದ್ದಳು" ಅಂದರು. ಪಕ್ಕದಲ್ಲಿದ್ದ ಅವರ ಮಗನಿಗೇ ಅದು ಗೊತ್ತಿರಲಿಲ್ಲ.

ಪ್ರಶ್ನೆ: ಶಾಲೆಯವರು ನನ್ನ ತಾಯಿಯ ಸಂದರ್ಶನ ಮಾಡಿ ನೆಟ್‌ನಲ್ಲಿ ಹಾಕಿದ್ದಾರೆ. ಮಾತಿನ ಭರದಲ್ಲಿ ಅಮ್ಮ ಮನೆಯೊಳಗಿನ ಒಂದು ಹಳೇ ವಿಷಯ ಹೇಳಿಬಿಟ್ಟಿದ್ದಾರೆ. ಈಗ ಕೊರಗುತ್ತಿದ್ದಾರೆ. ಕೇಳಿದರೆ "ಸಹಿ ಹಾಕಿಕೊಟ್ಟಿದ್ದಾರಲ್ಲ" ಅನ್ನುತ್ತಾರೆ. ಇದು ಸರಿಯೇ?

ಸರಿಯಲ್ಲ. ನಿಮ್ಮ ತಾಯಿ ಸಹಿ ಹಾಕಿದ್ದು ಮಾತಾಡುವ ಮೊದಲು. ಏನು ಹೇಳುತ್ತೇನೆ ಅಂತ ಅವರಿಗೇ ಗೊತ್ತಿಲ್ಲದಾಗ ಹಾಕಿದ ಸಹಿ ಅದು. ರೆಕಾರ್ಡ್ ಮಾಡೋಕೆ ಒಪ್ಪಿಗೆ ಬೇರೆ, ಜಗತ್ತಿಗೆ ತೋರಿಸೋಕೆ ಒಪ್ಪಿಗೆ ಬೇರೆ. ಎರಡನೆಯದನ್ನು ಕೇಳಬೇಕಾದ್ದು ಅವರೇ ಕೂತು ಪೂರ್ತಿ ನೋಡಿದ ಮೇಲೆ.

ಇದು ನಾನು ಹೊಸದಾಗಿ ಹೇಳುತ್ತಿರುವುದಲ್ಲ. 1967ರಲ್ಲಿ ಕೆನಡಾದ ಫೋಗೊ ದ್ವೀಪದಲ್ಲಿ ಅಲ್ಲಿನ ರಾಷ್ಟ್ರೀಯ ಫಿಲ್ಮ್ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಚಿತ್ರ ಮಾಡಲು ಹೋದರು. ಮೀನುಗಾರರ ದ್ವೀಪ, ಆದಾಯ ಕುಸಿದಿತ್ತು, ಜನರನ್ನು ಬೇರೆ ಕಡೆಗೆ ಸಾಗಿಸುವ ಮಾತು ನಡೆದಿತ್ತು. ಅವರು ಒಂದೇ ದೊಡ್ಡ ಸಿನಿಮಾ ಮಾಡಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಚಿತ್ರ ಮಾಡಿದರು. ಮಾತಾಡಿದವರಿಗೇ ಮೊದಲು ತೋರಿಸಿ, ಯಾವುದು ಬೇಡ ಅಂದರೋ ಅದನ್ನು ತೆಗೆದು, ಆಮೇಲೆ ದ್ವೀಪದ ಬೇರೆ ಹಳ್ಳಿಗಳವರ ಮುಂದೆ ಇಟ್ಟರು. ಒಂದು ಹಳ್ಳಿಯವರ ಕಷ್ಟವೇ ಇನ್ನೊಂದು ಹಳ್ಳಿಯವರದ್ದೂ ಅಂತ ಜನಕ್ಕೆ ಕಂಡಿತು. ಮೀನುಗಾರರ ಸಹಕಾರ ಸಂಘ ಹುಟ್ಟಿತು, ದ್ವೀಪ ಖಾಲಿ ಆಗಲಿಲ್ಲ. ಸಿನಿಮಾ ಒಂದರಿಂದಲೇ ಅದೆಲ್ಲ ಆಯಿತು ಅನ್ನುವುದು ಅತಿಯಾದೀತು. ಆದರೆ ಜನ ಕ್ಯಾಮೆರಾ ನಂಬಿದ್ದು, ಬೇಡ ಅನ್ನುವ ಹಕ್ಕು ಅವರ ಕೈಯಲ್ಲಿದ್ದದ್ದಕ್ಕೆ ಅಂತ ನನಗೆ ಖಚಿತವಾಗಿ ಅನಿಸುತ್ತದೆ.

ಈಗ ನೀವು ಮಾಡಬೇಕಾದ್ದು: ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ತೆಗೆಯಬೇಕು ಅಂತ ಬರೆದು ಕೊಡಿ. ಪೂರ್ತಿ ತೆಗೆಯಿರಿ ಅಂತ ಜಗಳಕ್ಕೆ ನಿಲ್ಲುವುದಕ್ಕಿಂತ ಅಷ್ಟು ಭಾಗ ಕತ್ತರಿಸಿ ಅಂದರೆ ಬೇಗ ಕೆಲಸ ಆಗುತ್ತದೆ. ತಡಮಾಡಬೇಡಿ. ಯಾರಾದರೂ ಡೌನ್‌ಲೋಡ್ ಮಾಡಿಕೊಂಡರೆ ಆ ಪ್ರತಿ ವಾಪಸ್ ಬರೋದಿಲ್ಲ. ಶಾಲೆಯವರು ಓದುತ್ತಿದ್ದರೆ ಒಂದು ಮಾತು: ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಇಂತಿಂಥ ನಿಯಮ ಪಾಲಿಸಿ ಯಾರು ಬೇಕಾದರೂ ಇದನ್ನು ಬಳಸಬಹುದು ಅನ್ನುವ ಮುಕ್ತ ಅನುಮತಿ) ಹಾಕುವ ಮುಂಚೆ ಎರಡು ಸಲ ಯೋಚಿಸಿ. ಅದನ್ನು ಒಮ್ಮೆ ಕೊಟ್ಟರೆ, ನಿಯಮ ಪಾಲಿಸುವವರಿಂದ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಹಿರಿಯರಿಗೆ ಇದನ್ನು ಸಹಿಗೆ ಮೊದಲು ಬಿಡಿಸಿ ಹೇಳಬೇಕು.

ಪ್ರಶ್ನೆ: ಒಳ್ಳೇ ಕ್ಯಾಮೆರಾ ಇಲ್ಲದೆ ಶುರು ಮಾಡಬಹುದಾ?

ಖಂಡಿತ, ಫೋನ್ ಸಾಕು. ಕೈಗೆ ಸ್ವಲ್ಪ ಹಣ ಬಂದರೆ ಮೊದಲು ಮೈಕ್ ತಗೊಳ್ಳಿ, ಕ್ಯಾಮೆರಾ ಆಮೇಲೆ. ಚಿತ್ರ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಮೈಕ್ ಬಾಯಿಗೆ ಹತ್ತಿರ ಇಡಿ. ಒಂದು ಮಗುವಿಗೆ ಹೆಡ್‌ಫೋನ್ ಹಾಕಿ ಕೂರಿಸಿ, ಅದರ ಕೆಲಸ ಕೇಳುವುದು ಮಾತ್ರ. ನನ್ನ ಜೊತೆಗಿದ್ದ ಹತ್ತು ವರ್ಷದ ಹುಡುಗನೊಬ್ಬ ಹೀಗೇ ಕೂತಿದ್ದವನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಗೋಡೆ ಗಡಿಯಾರದ ಟಿಕ್ ಟಿಕ್ ಅವನಿಗೊಬ್ಬನಿಗೇ ಕೇಳಿಸಿತ್ತು. ಗಡಿಯಾರವನ್ನು ಪಕ್ಕದ ಕೋಣೆಯಲ್ಲಿ ದಿಂಬಿನ ಕೆಳಗಿಟ್ಟು ಬಂದು ಮುಂದುವರಿಸಿದೆವು.

ಪ್ರಶ್ನೆ: ಎರಡು ವರ್ಷ ಮಾಡಿದ ರೆಕಾರ್ಡಿಂಗ್ ಕೆಲಸ. ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ವರ್ಗವಾಯಿತು, ಅದೆಲ್ಲ ಇಟ್ಟಿದ್ದ ಖಾತೆಯ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮುಂದೆ ಹೀಗಾಗದಂತೆ ಏನು ಮಾಡುವುದು?

ನಿಮ್ಮ ಪತ್ರ ಓದಿ ಸಂಕಟ ಆಯಿತು. ಮೊದಲು ಆ ಮೇಷ್ಟ್ರಿಗೆ ಫೋನ್ ಮಾಡಿ. ಹೆಚ್ಚಿನ ಪಾಲು ಮೂಲ ಫೈಲುಗಳು ಅವರ ಲ್ಯಾಪ್‌ಟಾಪ್‌ನಲ್ಲೋ ಹಳೇ ಫೋನ್‌ನಲ್ಲೋ ಇರುತ್ತವೆ.

ಮುಂದಕ್ಕೆ 3-2-1 ಲೆಕ್ಕ ಇಟ್ಟುಕೊಳ್ಳಿ: 3 ಪ್ರತಿ, 2 ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ 1 ಬೇರೆ ಕಟ್ಟಡದಲ್ಲಿ. ಜಾಗ ಜಾಸ್ತಿ ಬೇಕಾಗುತ್ತೆ ಅಂತ ಹೆದರಬೇಡಿ. ಮಾತಿನ ರೆಕಾರ್ಡಿಂಗ್ ಒಂದು ಗಂಟೆಯದ್ದು, ಮಾಮೂಲಿ ಗುಣಮಟ್ಟದ ಮೋನೊ ವೇವ್ ಫೈಲ್ (ಒಂದೇ ಚಾನೆಲ್‌ನ, ಕುಗ್ಗಿಸದ ಆಡಿಯೊ) ಆದರೆ, ಸುಮಾರು 300 ಎಂಬಿ. ಐವತ್ತು ಗಂಟೆಯ ಮಾತು 16 ಜಿಬಿ ಪೆನ್ ಡ್ರೈವ್ ಒಂದಕ್ಕೆ ಹೆಚ್ಚುಕಡಿಮೆ ಭರ್ತಿ. ಫೈಲ್ ಹೆಸರು ವರ್ಷ-ತಿಂಗಳು-ದಿನದಿಂದ ಶುರುವಾಗಲಿ, ಆಗ ಸಾಲಾಗಿ ಕೂರುತ್ತವೆ. ಖಾತೆ ಶಾಲೆಯ ಹೆಸರಲ್ಲಿ ಇರಲಿ, ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಅವರಲ್ಲಿ ಒಬ್ಬರು ಶಾಲೆಯ ಹೊರಗಿನವರು. ಮಾತಾಡಿದ ಪ್ರತಿಯೊಬ್ಬರ ಮನೆಗೂ ಅವರ ರೆಕಾರ್ಡಿಂಗ್‌ನ ಒಂದು ಪ್ರತಿ ಕೊಡಿ. ಅದು ಅವರಿಗೆ ಸಲ್ಲಬೇಕಾದ್ದು, ಶಾಲೆಯಲ್ಲಿ ಎಲ್ಲಾ ಹೋದರೂ ಅಲ್ಲಿ ಉಳಿದಿರುತ್ತದೆ.

ಪ್ರಶ್ನೆ: ನನಗೆ 14 ವರ್ಷ. ನಮ್ಮ ಬೀದಿ ಬಗ್ಗೆ ವಿಡಿಯೊ ಮಾಡಿ ನಾನೇ ಎಡಿಟ್ ಮಾಡಿದೆ. ಸರ್ ಅದರಲ್ಲಿದ್ದ ಒಡೆದ ಚರಂಡಿ, ಅಜ್ಜಿ ಬೈದದ್ದು ಎಲ್ಲಾ ತೆಗೆದು ಹಾಡು ಹಾಕಿದ್ದಾರೆ. ಅದು ನನ್ನದು ಅಂತ ಅನಿಸೋದೇ ಇಲ್ಲ.

ನಿನ್ನ ಬೇಜಾರು ನ್ಯಾಯವಾದದ್ದು ಕಣಮ್ಮ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೇ ವಿಧಿ ಓದು. ಮಾತು, ಬರಹ, ಕಲೆ ಅಥವಾ ತನಗೆ ಬೇಕಾದ ಯಾವುದೇ ಮಾಧ್ಯಮದಲ್ಲಿ ಹೇಳುವ ಸ್ವಾತಂತ್ರ್ಯ ಮಗುವಿಗೆ ಇದೆ ಅನ್ನುತ್ತದೆ. ಬೇರೆಯವರ ಹಕ್ಕು, ಮರ್ಯಾದೆ ಕಾಪಾಡಲು ಕಾನೂನು ಅದಕ್ಕೆ ಮಿತಿ ಹಾಕಬಹುದು ಅಂತಲೂ ಅದರಲ್ಲೇ ಇದೆ. ಹಾಗಾಗಿ ಚರಂಡಿ ಉಳಿಯಬೇಕು, ಅದರಲ್ಲಿ ಅನುಮಾನವೇ ಇಲ್ಲ. ಅಜ್ಜಿ ಬೈದದ್ದು ಉಳಿಯಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ಸರ್ ಅಲ್ಲ, ನೀನೂ ಅಲ್ಲ. ಹಾಡಿಲ್ಲದ ನಿನ್ನ ಮೊದಲಿನ ವಿಡಿಯೊ ಇನ್ನೂ ಇದ್ದರೆ ಫೋನ್‌ನಲ್ಲಿ ಹಾಕಿಕೊಂಡು ಅಜ್ಜಿ ಹತ್ತಿರ ಹೋಗು. ಕೊನೆವರೆಗೂ ತೋರಿಸು, ಇರಲಿ ಅಂದರೆ ಅದನ್ನೂ ರೆಕಾರ್ಡ್ ಮಾಡಿಕೊಂಡು ನಿಮ್ಮ ಸರ್‌ಗೆ ಕೇಳಿಸು.