78,000 ಡಾಲರಿನಲ್ಲಿ ಸೂಪರ್ ಸೇರಿದೆಯೇ?

ಮೆಲ್ಬರ್ನ್‌ನಲ್ಲಿ ಬಡಗಿ ಕೆಲಸ, 482 ವೀಸಾ (ಉದ್ಯೋಗದಾತರು ಪ್ರಾಯೋಜಿಸುವ ಆಸ್ಟ್ರೇಲಿಯಾದ ತಾತ್ಕಾಲಿಕ ಕೆಲಸದ ವೀಸಾ), ಸೂಪರ್, ಅಂದರೆ ನಿವೃತ್ತಿ ನಿಧಿ, ಸೇರಿ ವರ್ಷಕ್ಕೆ 78,000 ಡಾಲರ್, ಸಾಕೇ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಸಹಿ ಹಾಕಬೇಡಿ.

ಈ ವೀಸಾದ ಕೋರ್ ಸ್ಕಿಲ್ಸ್ (ಪಟ್ಟಿಯಲ್ಲಿರುವ ಕುಶಲ ಕೆಲಸಗಳ) ವಿಭಾಗದಲ್ಲಿ 2025ರ ಜುಲೈ 1ರಿಂದ 2026ರ ಜೂನ್ 30ರವರೆಗೆ ಉದ್ಯೋಗದಾತರು ಸಲ್ಲಿಸಿದ ನಾಮನಿರ್ದೇಶನಕ್ಕೆ ಕನಿಷ್ಠ ಸಂಬಳ 76,515 ಡಾಲರ್. ಸೂಪರ್ ಇದರ ಹೊರಗಿನದು. ಮೂಲ ಸಂಬಳದ ಶೇ 12ರಷ್ಟಿರುವ ಆ ಪಾಲನ್ನು ನಿಮ್ಮ ಮೊತ್ತದಿಂದ ಕಳೆಯಿರಿ (78,000 ÷ 1.12): ಕೈಗೆ ಉಳಿಯುವುದು ಸುಮಾರು 69,600, ಅದೂ ತೆರಿಗೆಗೆ ಮೊದಲು! ಖಚಿತವಿಲ್ಲದ ಓವರ್‌ಟೈಮ್ ತೋರಿಸಿ ಈ ಕೊರತೆ ತುಂಬಲಾಗದು. ಉದ್ಯೋಗದಾತರು ಕೊಡುವ ಕೊಠಡಿಯ ಬೆಲೆಯೂ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ.

ಇಷ್ಟೇ ಅಲ್ಲ. ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಆಸ್ಟ್ರೇಲಿಯಾದ ಬಡಗಿಗೆ ಹೆಚ್ಚು ಸಿಗುತ್ತಿದ್ದರೆ ನಿಮಗೂ ಅಷ್ಟೇ ಕೊಡಬೇಕು. ಪ್ರಾಯೋಜಕತ್ವದ ಖರ್ಚನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುವುದು ಕಾನೂನುಬಾಹಿರ. ‘ಸೂಪರ್ ಹೊರತುಪಡಿಸಿ’ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.