ಪ್ರತಿವಾದಿ ತೀರಿಕೊಂಡ ಮೇಲೆ

ಹಾವೇರಿ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಪತ್ರದ ಸಾರಾಂಶ ಇಷ್ಟು: ಅಪ್ಪನಿಂದ ಬಂದ ಎರಡು ಎಕರೆ ಹೊಲವನ್ನು ಅವರ ದೊಡ್ಡಪ್ಪನ ಮಗ ಸುಳ್ಳು ವಾಟ್ನಿ (ಆಸ್ತಿ ವಿಭಾಗ) ಪತ್ರ ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ತಮ್ಮ ಹೆಸರಿಗೆ ಮಾಡಿಕೊಂಡರು. ದಾವೆ 19 ವರ್ಷ ನಡೆಯಿತು. ಕೆಳಗಿನ ಕೋರ್ಟಿನಲ್ಲಿ ಇವರು ಸೋತರು. ಮೇಲ್ಮನವಿ ಬಾಕಿ ಇರುವಾಗಲೇ, ಎರಡು ತಿಂಗಳ ಹಿಂದೆ, ಆ ಅಣ್ಣ 81ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಊರೇ ಸೇರಿತ್ತು. ಸಭಾಪಾಲಕರು ಅವರನ್ನು 'ನೀತಿವಂತ' ಎಂದು ಕರೆದರು. ಗುಡಿಯ (ಚರ್ಚಿನ) ಗೋಡೆಯಲ್ಲಿ ದಾನಿಗಳ ಸಾಲಿನಲ್ಲಿ ಅವರ ಹೆಸರಿನ ಕಲ್ಲು ಮೊದಲೇ ಇತ್ತು.

"ನಿಮ್ಮ ಕಳೆದ ಸಂಚಿಕೆಯಲ್ಲಿ ಬೈಬಲಿನ ಒಂಬತ್ತನೇ ಕೀರ್ತನೆಯ ಧ್ಯಾನ ಓದಿದೆ. ಯೆಹೋವನು ಸದಾಕಾಲ ಆಳುತ್ತಾನೆ, ನ್ಯಾಯವಾಗಿ ತೀರ್ಪು ಕೊಡುತ್ತಾನೆ ಎಂದು ಬರೆದಿದ್ದೀರಿ. ಯಾವ ಆಳ್ವಿಕೆ? ಸತ್ತವನಿಗೆ ಇನ್ನೇನು ತೀರ್ಪು?" ಎಂದು ಕೇಳಿದ್ದಾರೆ. ಕೊನೆಯ ಪುಟದಲ್ಲಿ ಇನ್ನೆರಡು ಮಾತಿವೆ. ಮೃತರ ಮಗ ಅಪಘಾತದಲ್ಲಿ ಕಾಲು ಕಳೆದುಕೊಂಡು ಇನ್ನೂ ಆಸ್ಪತ್ರೆಯಲ್ಲಿದ್ದಾನಂತೆ. ಊರವರು ಅದೇ ದೇವರ ತೀರ್ಪು ಎನ್ನುತ್ತಾರೆ. ಕೇಳಿ ತಮಗೆ ಸಮಾಧಾನವಾಯಿತು, ಆಮೇಲೆ ನಾಚಿಕೆಯಾಯಿತು ಎಂದಿದ್ದಾರೆ. ಮೇಲ್ಮನವಿಯನ್ನು 'ದೇವರಿಗೇ ಬಿಟ್ಟುಬಿಡಿ' ಎಂದು ಮನೆಯವರು ಹೇಳುತ್ತಿದ್ದಾರೆ, ಬಿಡಲೇ ಎಂದೂ ಕೇಳಿದ್ದಾರೆ.

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಉತ್ತರ ಸುಲಭ ಎನಿಸಿತ್ತು. ಕೊನೆಯ ದಿನ ಎಲ್ಲ ಸರಿಹೋಗುತ್ತದೆ ಎಂದು ಎರಡು ಸಾಲು, ಕೆಳಗೊಂದು ವಚನ. ಅಂಥ ಉತ್ತರಗಳನ್ನು ನಾನೂ ಬೇಕಾದಷ್ಟು ಬರೆದಿದ್ದೇನೆ. ಹೊಲ ಕಳೆದುಕೊಂಡವರಿಗೆ ಅದನ್ನು ಬರೆಯಲು ಕೈ ಬರಲಿಲ್ಲ.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂಬತ್ತನೇ ಕೀರ್ತನೆಯನ್ನು ಮಾತ್ರ ತೆಗೆದುಕೊಂಡು ಧ್ಯಾನ ಬರೆಸಿದ್ದು ತಪ್ಪು. ಇಬ್ರಿಯ (ಹೀಬ್ರೂ) ಮೂಲದಲ್ಲಿ ಇದು ಅಕ್ಷರಮಾಲೆಯ ಪದ್ಯ. ಆಲೆಫ್, ಬೇತ್ ಎಂದು ಒಂದೊಂದು ಅಕ್ಷರ ಹಿಡಿದು ಸಾಗುತ್ತದೆ. ಆದರೆ ಆ ಮಾಲೆ ಒಂಬತ್ತರಲ್ಲಿ ಮುಗಿಯುವುದಿಲ್ಲ. ಅಲ್ಲಲ್ಲಿ ಕಡಿದುಹೋಗಿದ್ದರೂ ಹತ್ತನೆಯದರ ಕೊನೆಯವರೆಗೆ ಹೋಗುತ್ತದೆ. ಹಳೆಯ ಗ್ರೀಕ್ ಅನುವಾದದಲ್ಲಿ ಎರಡೂ ಸೇರಿ ಒಂದೇ ಕೀರ್ತನೆ. ಮೊದಲರ್ಧದಲ್ಲಿ ಸಿಂಹಾಸನ, ಸ್ತುತಿ, ನೀತಿಯ ತೀರ್ಪು. ಪುಟ ತಿರುಗಿಸಿದರೆ ಹತ್ತರ ಮೊದಲ ಸಾಲೇ, ಯೆಹೋವನೇ, ನೀನು ಯಾಕೆ ದೂರ ನಿಂತಿದ್ದೀ ಎಂಬ ಜಗಳ. ದುಷ್ಟನ ದಾರಿ ಯಾವಾಗಲೂ ಸಲೀಸು, ಹಳ್ಳಿಯ ಸಂದಿಯಲ್ಲಿ ಹೊಂಚು ಹಾಕುತ್ತಾನೆ, ಬಡವನನ್ನು ಬಲೆಗೆಳೆಯುತ್ತಾನೆ, ದೇವರು ಮರೆತಿದ್ದಾನೆ, ನೋಡುವುದೇ ಇಲ್ಲ ಎಂದು ತನ್ನೊಳಗೇ ಅಂದುಕೊಳ್ಳುತ್ತಾನೆ. ನಿಮ್ಮ ಪತ್ರದ ಎರಡನೇ ಪುಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದೇ ಬಾಯಿ ಕೊನೆಯಲ್ಲಿ ಯೆಹೋವನು ಯುಗಯುಗಕ್ಕೂ ಅರಸನು ಎನ್ನುತ್ತದೆ. ಅರಸನೆಂದು ಒಪ್ಪಿದ್ದರಿಂದಲೇ ಆ ಜಗಳ. ಅಧಿಕಾರವೇ ಇಲ್ಲದವನ ಮುಂದೆ ಯಾರೂ ಅರ್ಜಿ ಹಿಡಿದು ನಿಲ್ಲುವುದಿಲ್ಲ.

'ತೀರ್ಪು' ಎಂಬ ಮಾತು ನಮ್ಮ ಪ್ರಸಂಗಪೀಠಗಳಲ್ಲಿ ಹಾಳಾಗಿದೆ. ಉಜ್ಜೀವನ ಕೂಟಗಳಲ್ಲಿ ಮೈಕು ಹಿಡಿದವರು ನ್ಯಾಯತೀರ್ಪು ಎಂದೊಡನೆ ಮುಂದೆ ಕೂತವರೆಲ್ಲ ಕಟಕಟೆಯಲ್ಲಿ ನಿಂತ ಆರೋಪಿಗಳಾಗಿಬಿಡುತ್ತಾರೆ. ವಾದಿಯ ಜಾಗದಲ್ಲಿ ನಿಂತು ಆ ಮಾತು ಕೇಳಿಸಿಕೊಂಡವರು ಕಡಿಮೆ. ಹಳೆಯ ಕನ್ನಡ ಬೈಬಲಿನ ಅನುವಾದಕರು ದೆಬೋರ, ಗಿದ್ಯೋನರ ಕಥೆಯಿರುವ ಪುಸ್ತಕಕ್ಕೆ 'ನ್ಯಾಯಸ್ಥಾಪಕರು' ಎಂದು ಹೆಸರಿಟ್ಟರು. ಎಂಥ ಪದ! ಆ ದೆಬೋರ, ಗಿದ್ಯೋನರು ತೀರ್ಪು ಓದಿ ಎದ್ದುಹೋದವರಲ್ಲ, ಕೆಟ್ಟಿದ್ದನ್ನು ಸರಿಮಾಡಿ ನಿಲ್ಲಿಸಿದವರು. ಇಬ್ರಿಯ ಪದದ ಜೀವವೂ ಅದೇ. ಆದ್ದರಿಂದಲೇ 96, 98ನೇ ಕೀರ್ತನೆಗಳಲ್ಲಿ ದೇವರು ನ್ಯಾಯತೀರಿಸಲು ಬರುತ್ತಾನೆಂದು ಮರಗಳು ಹಾಡುತ್ತವೆ, ಹೊಳೆಗಳು ಚಪ್ಪಾಳೆ ತಟ್ಟುತ್ತವೆ. ಕೋರ್ಟಿಗೆ ಸಾಹೇಬರು ಬಂದರೆಂದು ಯಾರು ಚಪ್ಪಾಳೆ ತಟ್ಟುತ್ತಾರೆ? 19 ವರ್ಷ ವಾಯಿದೆಗೆ ಅಲೆದವರು ತಟ್ಟಿಯಾರು.

ನಿಮ್ಮ ಪ್ರಕರಣ ಓದುತ್ತಿದ್ದಂತೆ ಇಜ್ರೇಲಿನ ನಾಬೋತ ನೆನಪಾದ. ಒಂದನೇ ಅರಸುಗಳು 21ನೇ ಅಧ್ಯಾಯ. ಅಹಾಬ ಅರಸನಿಗೆ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕು, ಅದೂ ಕಾಯಿಪಲ್ಲೆ ಬೆಳೆಯುವುದಕ್ಕೆ. ಬದಲಿ ತೋಟ ಕೊಡುತ್ತೇನೆ, ಬೇಕಾದರೆ ದುಡ್ಡು ಕೊಡುತ್ತೇನೆ ಎಂದ. ಪಿತೃಗಳ ಸ್ವಾಸ್ತ್ಯ (ಪಿತ್ರಾರ್ಜಿತ ಆಸ್ತಿ), ಕೊಡಲಾರೆ ಎಂದ ನಾಬೋತ. ಮುಂದೆ ಅಹಾಬನ ಹೆಂಡತಿ ಈಜೆಬೆಲಳು ಮಾಡಿದ ಕೆಲಸವನ್ನು ಗಮನಿಸಿ. ಅವಳು ಗೂಂಡಾಗಳನ್ನು ಬಿಡಲಿಲ್ಲ, ರಾಜಮುದ್ರೆ ಒತ್ತಿ ಊರ ಹಿರಿಯರಿಗೆ ಪತ್ರ ಬರೆದಳು. ಊರಿನಲ್ಲಿ ಉಪವಾಸ ಸಾರಿಸಿದಳು. ಧರ್ಮಶಾಸ್ತ್ರ ಮರಣದಂಡನೆಗೆ ಇಬ್ಬರು ಸಾಕ್ಷಿ ಕೇಳುತ್ತದೆಯಷ್ಟೆ, ಸರಿಯಾಗಿ ಇಬ್ಬರನ್ನೇ ಕೂರಿಸಿದಳು. ಕಾಗದಪತ್ರ ಚೊಕ್ಕಟ, ಭಕ್ತಿಯೂ ಚೊಕ್ಕಟ. ಸಂಜೆಯೊಳಗೆ ನಾಬೋತ ಊರ ಹೊರಗೆ ಕಲ್ಲಿನ ಕೆಳಗಿದ್ದ. ನಿಮ್ಮ ವಾಟ್ನಿ ಪತ್ರದ ಇಬ್ಬರು ಸಾಕ್ಷಿಗಳೂ ಗುಡಿಯ ಗೋಡೆಯ ಕಲ್ಲೂ ಬೈಬಲಿಗೆ ಹೊಸದಲ್ಲ.

ಪ್ರವಾದಿ ಎಲೀಯನು ಬಂದು ಅಹಾಬನಿಗೆ ಮುಖದ ಮೇಲೆ ಹೇಳಿದ್ದು ನಮಗೆಲ್ಲ ಗೊತ್ತು: ಕೊಂದೂ ಆಯಿತು, ಹೊಲ ಹಿಡಿದೂ ಆಯಿತೋ? ನಾವು ಸಾಮಾನ್ಯವಾಗಿ ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಮುಂದಿನದು ಕಷ್ಟದ ಭಾಗ. ಅಹಾಬ ಬಟ್ಟೆ ಹರಿದುಕೊಂಡು ಗೋಣಿತಟ್ಟು ಉಟ್ಟ. ದೇವರು ಅದನ್ನು ಕಂಡು, ಅವನ ಕಾಲದಲ್ಲಿ ಆ ಕೇಡನ್ನು ತರುವುದಿಲ್ಲ, ಅವನ ಮಗನ ಕಾಲಕ್ಕೆ ತರುತ್ತೇನೆ ಎಂದನು. ನಾಬೋತನ ಹೆಂಡತಿ ಬದುಕಿದ್ದಿದ್ದರೆ ಈ ಮಾತಿಗೆ ಏನನ್ನುತ್ತಿದ್ದಳು? ನಿಮ್ಮ ಪತ್ರದಷ್ಟೇ ಖಾರವಾಗಿ ಬರೆಯುತ್ತಿದ್ದಳು ಎಂದು ನನ್ನ ಊಹೆ. ಅಹಾಬ ಮುಂದೆ ಯುದ್ಧದಲ್ಲಿ, ಯಾರೋ ಗುರಿಯಿಲ್ಲದೆ ಬಿಟ್ಟ ಬಾಣಕ್ಕೆ ಸತ್ತ. ಆಮೇಲೆ ಯೇಹು ಎಂಬ ಸೇನಾಪತಿ ಎದ್ದು, ಅಹಾಬನ ಮಗನನ್ನು ಕೊಂದು ಹೆಣವನ್ನು ಅದೇ ನಾಬೋತನ ಹೊಲದಲ್ಲಿ ಎಸೆಸಿದ. ಲೆಕ್ಕ ಚುಕ್ತಾ ಆಯಿತೆನ್ನುವಷ್ಟರಲ್ಲಿ ಪ್ರವಾದಿ ಹೋಶೇಯನ ಪುಸ್ತಕದ ಮೊದಲ ಅಧ್ಯಾಯದಲ್ಲಿ ದೇವರು ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆತನವನ್ನೇ ವಿಚಾರಿಸುತ್ತೇನೆ ಎನ್ನುತ್ತಾನೆ. ಅಂದರೆ ತೀರ್ಪನ್ನು ಜಾರಿ ಮಾಡಿದೆನೆಂದು ಬೀಗಿದವನ ಮೇಲೂ ಕಡತ ತೆರೆಯಿತು. ಇತಿಹಾಸದೊಳಗೆ ನಡೆಯುವ ಯಾವ ಸೇಡನ್ನೂ ಬೈಬಲು ಪೂರ್ತಿ ತೀರ್ಪೆಂದು ಒಪ್ಪುವುದಿಲ್ಲ. ನಾಬೋತನ ತೋಟ ಅವನ ಮನೆಯವರಿಗೆ ವಾಪಸ್ ಬಂತೆಂದು ಎಲ್ಲೂ ಬರೆದಿಲ್ಲ. ಅವನ ಮಕ್ಕಳ ರಕ್ತವೂ ಸುರಿದಿತ್ತೆಂದು ಎರಡನೇ ಅರಸುಗಳು 9ರಲ್ಲಿ ಒಂದು ಸಾಲು ಬರುತ್ತದೆ. ವಾಪಸ್ ಪಡೆಯಲು ಯಾರೂ ಉಳಿದಿರಲಿಲ್ಲವೇನೋ.

ಇಲ್ಲಿಗೆ ನಿಮ್ಮ ಪ್ರಶ್ನೆ ಸರಿಯಾಗಿ ಬಂದು ತಗಲುತ್ತದೆ. ಸತ್ತವನಿಗೆ ಏನು ತೀರ್ಪು? ನಮ್ಮ ಕಾನೂನಿನಲ್ಲಿ ಆರೋಪಿ ಸತ್ತರೆ ಅವನ ಮೇಲಿನ ಕ್ರಿಮಿನಲ್ ಮೊಕದ್ದಮೆ ಅಲ್ಲಿಗೇ ಮುಗಿಯುತ್ತದೆ. ವಕೀಲರು ಇದಕ್ಕೆ 'ಅಬೇಟ್' ಆಯಿತೆನ್ನುತ್ತಾರೆ. ನ್ಯಾಯಾಧೀಶರಿಗೂ ವರ್ಗವಾಗುತ್ತದೆ. ಎಂಟು ಮಂದಿ ಬದಲಾದರು, ಪ್ರತಿ ಸಲ ಹೊಸ ಸಾಹೇಬರೆದುರು ಮೊದಲಿಂದ ಕಥೆ ಶುರು ಎಂದು ನೀವೇ ಬರೆದಿದ್ದೀರಿ. 'ಸದಾಕಾಲ' ಎಂಬ ಮಾತು ನಿಮಗೆ ಸ್ತುತಿಯ ಅಲಂಕಾರವಾಗಿ ಕೇಳಿಸಿದೆ. ನನಗೆ ಅದು ಈ ಎರಡು ಸಂಗತಿಗಳಿಗೆ ಎದುರಾಗಿ ನಿಂತ ಮಾತು. ಆ ಪೀಠದಲ್ಲಿ ಕುಳಿತವನಿಗೆ ವರ್ಗವಿಲ್ಲ. ಅವನ ಮುಂದೆ ಸಾವಿನಿಂದ ಯಾವ ದಾವೆಯೂ ಬಿದ್ದುಹೋಗುವುದಿಲ್ಲ, ವಾದಿಯ ಸಾವಿನಿಂದಲೂ ಇಲ್ಲ, ಪ್ರತಿವಾದಿಯ ಸಾವಿನಿಂದಲೂ ಇಲ್ಲ. ಕ್ರೈಸ್ತರು ಪುನರುತ್ಥಾನವನ್ನೂ ತೀರ್ಪನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಇದಕ್ಕೇ. ಸತ್ತವರು ಏಳದಿದ್ದರೆ ನಾಬೋತನಿಗೆ ನ್ಯಾಯವೆಂಬುದು ಬರೀ ಮಾತು.

ಈ 'ಸದಾಕಾಲ'ಕ್ಕಾಗಿ ಸಭೆ ಜಗಳವನ್ನೇ ಆಡಿದೆ. ನಾಲ್ಕನೇ ಶತಮಾನದಲ್ಲಿ ಅಂಕಿರಾದ, ಅಂದರೆ ಇಂದಿನ ಅಂಕಾರಾದ, ಬಿಷಪ್ ಮಾರ್ಸೆಲಸ್ ಎಂಬುವರು ಒಂದು ದಿನ ಮಗನು ರಾಜ್ಯವನ್ನು ತಂದೆಗೆ ಒಪ್ಪಿಸುತ್ತಾನೆ ಎಂಬ ಪೌಲನ ಮಾತನ್ನು ಹಿಡಿದು, ಕ್ರಿಸ್ತನ ಆಳ್ವಿಕೆಗೆ ಕೊನೆಯುಂಟು ಎಂದು ಕಲಿಸಿದರೆಂಬ ಆರೋಪ ಬಂತು. 325ರ ನಿಕೇಯ ವಿಶ್ವಾಸಪ್ರಮಾಣದಲ್ಲಿ ಇಲ್ಲದ ಒಂದು ಸಾಲು 381ರ ಕಾನ್‌ಸ್ಟಾಂಟಿನೋಪಲಿನ ಪಾಠದಲ್ಲಿದೆ: ಆತನ ರಾಜ್ಯಕ್ಕೆ ಅಂತ್ಯವಿಲ್ಲ. ದೇವದೂತ ಗಬ್ರಿಯೇಲನು ಮರಿಯಳಿಗೆ ಹೇಳಿದ ಮಾತದು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹಿಂದಿನ ಸಾಲುಗಳು. ಪೊಂತ್ಯ ಪಿಲಾತನ ಕಾಲದಲ್ಲಿ ಶ್ರಮೆಪಟ್ಟನು. ಬದುಕಿದವರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನು. ಭಾನುವಾರ ನಾವು ಬಾಯಿಪಾಠದಲ್ಲಿ ದಾಟಿಹೋಗುವ ಈ ಎರಡು ಸಾಲುಗಳನ್ನು ಜೋಡಿಸಿ ನೋಡಿ. ಸುಳ್ಳು ಸಾಕ್ಷಿಯ ಎದುರು ನಿಂತು, ನಿರಪರಾಧಿಯೆಂದು ಗೊತ್ತಿದ್ದೂ ಕೈತೊಳೆದುಕೊಂಡ ಅಧಿಕಾರಿಯಿಂದ ಶಿಕ್ಷೆ ಪಡೆದವನೇ ಕೊನೆಯ ನ್ಯಾಯಾಧಿಪತಿ. ತಪ್ಪು ತೀರ್ಪು ಮೈಮೇಲೆ ಬಿದ್ದರೆ ಹೇಗಿರುತ್ತದೆಂದು ಗೊತ್ತಿರುವವನು. ಪಿಲಾತ ಯೂದಾಯದಲ್ಲಿ ಹತ್ತು ವರ್ಷ ರೋಮಿನ ದೊಡ್ಡ ಅಧಿಕಾರಿಯಾಗಿದ್ದ. 1961ರಲ್ಲಿ ಕೈಸರೈಯದ ರಂಗಮಂದಿರದ ಅವಶೇಷಗಳಲ್ಲಿ ಅವನ ಹೆಸರು ಕೆತ್ತಿದ ಸುಣ್ಣಕಲ್ಲು ಸಿಕ್ಕಿತು. ಯಾವುದೋ ಕಟ್ಟಡಕ್ಕೆಂದು ಅಭಿಮಾನದಿಂದ ಕೆತ್ತಿಸಿದ್ದು. ನಂತರದವರು ಅದನ್ನು ತೆಗೆದು ಮೆಟ್ಟಿಲಿಗೆ ಹಾಕಿಕೊಂಡಿದ್ದರು. ಗೋಡೆಯ ಕಲ್ಲಿನ ಬಗ್ಗೆ ನೀವು ಅಷ್ಟು ಕುದಿಯಬೇಡಿ.

ಹಾಗಾದರೆ ಈಗಲೇ ಯಾಕಿಲ್ಲ ಎನ್ನುತ್ತೀರಿ. 410ರಲ್ಲಿ ರೋಮ್ ಸೂರೆಯಾದಾಗ ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರೂ ನೊಂದರು, ಆಗಲೂ ಇದೇ ಪ್ರಶ್ನೆ ಎದ್ದಿತು. ಆ ಕಾಲದ ಬಿಷಪ್ ಅಗಸ್ಟೀನನು ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಪ್ರತಿ ಪಾಪಕ್ಕೂ ಇಲ್ಲೇ ಶಿಕ್ಷೆಯಾದರೆ ಕೊನೆಯ ತೀರ್ಪಿಗೆ ಏನೂ ಉಳಿದಿಲ್ಲ ಎಂದುಕೊಳ್ಳುತ್ತೇವೆ, ಯಾವುದಕ್ಕೂ ಆಗದಿದ್ದರೆ ಲೋಕವನ್ನು ನೋಡಿಕೊಳ್ಳುವ ದೈವವೇ ಇಲ್ಲ ಎಂದುಕೊಳ್ಳುತ್ತೇವೆ. ಜಾಣ ಉತ್ತರ. ಆದರೂ ನಾನು ಅಹಾಬನ ಗೋಣಿತಟ್ಟಿನ ಕಡೆಗೇ ಹೋಗುತ್ತೇನೆ. ತಡವಾದದ್ದು ಮರೆವಿನಿಂದಲ್ಲ, ಆ ಪಾಪಿಷ್ಠನಿಗೂ ತಿರುಗಿಕೊಳ್ಳಲು ಸಮಯ ಕೊಡಲು. ಆ ಸಮಯದ ಬೆಲೆಯನ್ನು ನಾಬೋತನಂಥವರು ತೆತ್ತರು ಎಂಬುದೂ ನಿಜ. ಪ್ರಕಟನೆ 6ರಲ್ಲಿ ಯಜ್ಞವೇದಿಯ ಕೆಳಗಿನಿಂದ ಹತಸಾಕ್ಷಿಗಳು ಇನ್ನೆಷ್ಟು ಕಾಲ ಎಂದು ಕೂಗುತ್ತಾರೆ. ಸ್ವರ್ಗದಲ್ಲಿದ್ದೂ ಕೂಗುತ್ತಾರೆ! ಅವರಿಗೆ ಬಿಳಿ ನಿಲುವಂಗಿ ಸಿಗುತ್ತದೆ, ಇನ್ನೂ ಸ್ವಲ್ಪ ಕಾಲ ಎಂಬ ಉತ್ತರ ಸಿಗುತ್ತದೆ, ಸುಮ್ಮನಿರಿ ಎಂಬ ಗದರಿಕೆ ಸಿಗುವುದಿಲ್ಲ. ನ್ಯಾಯ ಬೇಕೆಂದು ನೀವು ಬಯಸಿದ್ದರಲ್ಲಿ ಪಾಪವಿಲ್ಲ.

ಮೃತರ ಮಗನ ಕಾಲಿನ ವಿಷಯ ಬೇರೆ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರೇನು ಯೆರೂಸಲೇಮಿನಲ್ಲಿ ಉಳಿದವರಿಗಿಂತ ಹೆಚ್ಚು ಪಾಪಿಗಳೋ ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟನು. ಊರ ಕಟ್ಟೆಯಲ್ಲಿ ಕೂತು ದೇವರ ತೀರ್ಪನ್ನು ಓದುವವರು ಯೇಹುವಿನ ಮಕ್ಕಳು. ನಿಮಗೆ ನಾಚಿಕೆಯಾಯಿತಲ್ಲ, ಸರಿಯಾದದ್ದೇ ಆಯಿತು.

ಕೊನೆಯದಾಗಿ ಮೇಲ್ಮನವಿ. ಬಿಡಬೇಡಿ. ಲೂಕ 18ರ ವಿಧವೆ ಮನೆಯಲ್ಲಿ ಕೂತು ಪ್ರಾರ್ಥಿಸಲಿಲ್ಲ, ದೇವರಿಗೂ ಹೆದರದ ನ್ಯಾಯಾಧೀಶನ ಬಾಗಿಲಿಗೆ ದಿನಾ ಹೋದಳು. ಅವನು ಬೇಸತ್ತು, ಇವಳು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾಳೆ ಎಂದ. ಗ್ರೀಕಿನಲ್ಲಿ ಆ ಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂಬ ಅರ್ಥ. ಪ್ರಾರ್ಥನೆಗೆ ಯೇಸು ಕೊಟ್ಟ ಉದಾಹರಣೆಯೇ ಕೋರ್ಟಿಗೆ ಅಲೆಯುವ ಹೆಂಗಸು. ಪರಿಚಿತ ವಕೀಲರೊಬ್ಬರನ್ನು ಕೇಳಿದೆ. ಎದುರುಪಕ್ಷದವರು ತೀರಿಕೊಂಡ ದಿನದಿಂದ 90 ದಿನದೊಳಗೆ ಅವರ ವಾರಸುದಾರರನ್ನು ದಾಖಲೆಗೆ ತರಲು ಅರ್ಜಿ ಹಾಕಬೇಕು. ಇಲ್ಲವಾದರೆ ಅವರ ಮಟ್ಟಿಗೆ ಮೇಲ್ಮನವಿ ಬಿದ್ದುಹೋಗುತ್ತದೆ. ಆಮೇಲೆ ಅದನ್ನು ಎತ್ತಿ ನಿಲ್ಲಿಸಲು 60 ದಿನದೊಳಗೆ ಬೇರೆಯೇ ಅರ್ಜಿ. ನಿಮ್ಮ ಲೆಕ್ಕದಲ್ಲಿ 60 ದಿನ ಆಗಲೇ ಹೋಗಿವೆ. ಪತ್ರಿಕೆ ನಿಮ್ಮ ಕೈಸೇರುವುದು ತಡವಾದೀತೆಂದು ಇಷ್ಟನ್ನು ಮಾತ್ರ ಕಾರ್ಡಿನಲ್ಲಿ ಬರೆದು ನಿನ್ನೆಯೇ ಅಂಚೆಗೆ ಹಾಕಿದ್ದೇನೆ.

ದಾಖಲೆಗೆ ತರಬೇಕಾದವರಲ್ಲಿ ಆಸ್ಪತ್ರೆಯಲ್ಲಿರುವ ಆ ಮಗನೂ ಒಬ್ಬ. ಅವನಿಗೆ ಕೋರ್ಟಿನ ನೋಟಿಸು ತಲುಪುವ ಮೊದಲು ನೀವೊಮ್ಮೆ ಹೋಗಿ ನೋಡಿಕೊಂಡು ಬನ್ನಿ.

— ಸಂಪಾದಕ