ಇತ್ತೀಚೆಗೆ ನಾನು ಕೊಂಡ ಆಲ್ಬಮ್‌ಗಳು, ಮತ್ತು ಅವುಗಳ ಆ ಆವೃತ್ತಿಯನ್ನೇ ಕೊಂಡದ್ದೇಕೆ

ಬೇಕಾದ ಸಂಗೀತವೆಲ್ಲ ಫೋನಿನಲ್ಲೇ ಸಿಗುವಾಗ ಸಂಗೀತಪ್ರಿಯರು ಈಚೆಗೆ ಹಣ ಕೊಟ್ಟು ಯಾವ ಆಲ್ಬಮ್‌ಗಳನ್ನು ಕೊಂಡಿದ್ದಾರೆ, ಯಾಕೆ ಕೊಂಡಿದ್ದಾರೆ ಎಂದು ಕೇಳಿದ್ದೀರಿ. ರೆಕಾರ್ಡ್ ಪ್ಲೇಯರ್ ಇಲ್ಲದ ತಮ್ಮಂಥವರು ಎಲ್ಲಿಂದ ಶುರುಮಾಡಬೇಕು ಎಂಬುದನ್ನೂ ಅದರ ಜೊತೆಗೆ ಕೇಳಿದ್ದೀರಿ. ಮೊದಲನೆಯದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಜ್ಯಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಸಿಡಿ, ಜ್ಯಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಎಲ್‌ಪಿ (ಎರಡು ಬದಿಯ ದೊಡ್ಡ ರೆಕಾರ್ಡ್), ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಅವರು ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್'ನ ಸಿಡಿ ಸಂಪುಟ, ಗಾಯಕಿ ಅರೂಜ್ ಆಫ್ತಾಬ್ ಅವರ 'ವಲ್ಚರ್ ಪ್ರಿನ್ಸ್'ನ ಡಿಜಿಟಲ್ ಪ್ರತಿ, ಇವಿಷ್ಟೂ ನನ್ನ ಈಚಿನ ಖರೀದಿ. ಇವುಗಳಲ್ಲಿ ಅಪರೂಪದ್ದು ಯಾವುದೂ ಇಲ್ಲ, ಎಲ್ಲವನ್ನೂ ಸ್ಟ್ರೀಮಿಂಗ್‌ನಲ್ಲಿ ಕೇಳಬಹುದು. ಹಾಗಿದ್ದೂ ಕೊಂಡದ್ದೇಕೆಂದರೆ, ಒಂದೇ ಹೆಸರಿನ ಆಲ್ಬಮ್ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಟೇಪಿನಿಂದ, ಬೇರೆ ಬೇರೆ ಕೈಗಳಿಂದ ತಯಾರಾಗಿ ಬಂದಿರುತ್ತದೆ. ಆ ಪೈಕಿ ಯಾವುದು ಕಿವಿಗೆ ಬೀಳುತ್ತಿದೆ ಎಂಬುದನ್ನು ಸ್ಟ್ರೀಮಿಂಗ್ ಸೇವೆಗಳು ಅನೇಕ ಸಲ ಸರಿಯಾಗಿ ತಿಳಿಸುವುದಿಲ್ಲ, ಇವತ್ತು ಇದ್ದದ್ದನ್ನು ನಾಳೆ ಸದ್ದಿಲ್ಲದೆ ಬದಲಿಸುವುದೂ ಉಂಟು. ನನಗೆ ಬೇಕಾದ ಆವೃತ್ತಿಯೇ ನನ್ನ ಬಳಿ ಇರಲಿ ಎಂದು ನಾನು ಕೊಳ್ಳುತ್ತೇನೆ.

'ಕೈಂಡ್ ಆಫ್ ಬ್ಲೂ'ವಿನ ಸಂಗತಿಯನ್ನೇ ನೋಡಿ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಕೊಲಂಬಿಯಾ ಕಂಪನಿ ನಡೆಸುತ್ತಿದ್ದ ಸ್ಟುಡಿಯೋದಲ್ಲಿ ಇದರ ಧ್ವನಿಮುದ್ರಣ ನಡೆಯಿತು. ಮಾರ್ಚ್ ತಿಂಗಳ ಆ ದಿನ ಮುಖ್ಯ ಟೇಪ್ ಯಂತ್ರವು ಇರಬೇಕಾದ ವೇಗಕ್ಕಿಂತ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡುವ ಟೇಪಿನಲ್ಲಿ ಹಿಡಿದ ನಾದವನ್ನು ಆಮೇಲೆ ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ, ಲಯವೂ ಸ್ವಲ್ಪ ಚುರುಕಾಗುತ್ತದೆ. ಹೀಗಾಗಿ ಆಲ್ಬಮ್ಮಿನ ಮೊದಲ ಬದಿಯ ಮೂರೂ ರಚನೆಗಳನ್ನು ಜನ ದಶಕಗಳ ಕಾಲ ವಾದಕರು ನುಡಿಸಿದ್ದಕ್ಕಿಂತ ಏರು ಶ್ರುತಿಯಲ್ಲೇ ಕೇಳುತ್ತ ಬಂದರು. ಅದೇ ದಿನ ಪಕ್ಕದಲ್ಲಿ ಸರಿಯಾದ ವೇಗದಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪನ್ನು ಬಳಸಿ ಈ ದೋಷವನ್ನು ತಿದ್ದಿದ್ದು 1990ರ ದಶಕದ ಮರುಬಿಡುಗಡೆಗಳಲ್ಲಿ. ನನ್ನ ಬಳಿ ಮೊದಲೇ ಇದ್ದ ಪ್ರತಿ ತಿದ್ದುವುದಕ್ಕೆ ಹಿಂದಿನದು. ಅದನ್ನು ಹಾಕಿಕೊಂಡು ಕೀಬೋರ್ಡಿನಲ್ಲಿ ಸ್ವರ ಹಿಡಿಯಲು ಹೋದರೆ 'ಸೋ ವಾಟ್'ನ ಆರಂಭದ ಬಾಸ್ ಯಾವ ಕೀಲಿಗೂ ಸರಿಯಾಗಿ ಕೂರುತ್ತಿರಲಿಲ್ಲ, ಎರಡು ಕೀಲಿಗಳ ನಡುವೆ ಎಲ್ಲೋ ತೂಗಾಡುತ್ತಿತ್ತು. ಎರಡನೆಯ ಬದಿಗೆ ಬಂದರೆ ಎಲ್ಲವೂ ತಂತಾನೇ ಹೊಂದಿಕೊಳ್ಳುತ್ತಿತ್ತು. ಈಗ ಕೊಂಡಿರುವ ಸಿಡಿಯಲ್ಲಿ ಆ ತೊಡಕಿಲ್ಲ. ಸುಮ್ಮನೆ ಕೂತು ಕೇಳುವವರಿಗೆ ಈ ವ್ಯತ್ಯಾಸ ಗೊತ್ತಾಗದೆ ಹೋಗಬಹುದು, ಆದರೆ ಜೊತೆಗೂಡಿ ನುಡಿಸುವವರಿಗೆ ಇದೇ ದೊಡ್ಡ ಸಂಗತಿ.

ಅದೇ ಸಿಡಿಯ ಕೊನೆಯಲ್ಲಿ 'ಫ್ಲಮೆಂಕೋ ಸ್ಕೆಚಸ್'ನ ಇನ್ನೊಂದು ಟೇಕ್, ಅಂದರೆ ಇನ್ನೊಮ್ಮೆ ನುಡಿಸಿ ಮುದ್ರಿಸಿದ ರೂಪ, ಸೇರಿದೆ. ಪಿಯಾನೋ ವಾದಕ ಬಿಲ್ ಇವಾನ್ಸ್ ಅವರು ಆಲ್ಬಮ್ಮಿಗೆ ಬರೆದ ಟಿಪ್ಪಣಿಯಲ್ಲಿ, ಒಮ್ಮೆ ಎಳೆದ ಗೆರೆಯನ್ನು ತಿದ್ದಲು ಬಾರದ ಜಪಾನಿ ಮಸಿಚಿತ್ರಕ್ಕೆ ಈ ಬಗೆಯ ವಾದನವನ್ನು ಹೋಲಿಸಿದ್ದಾರೆ. ಅಂಥ ಟಿಪ್ಪಣಿಯನ್ನು ಓದಿದ ಬೆನ್ನಿಗೇ ಅದೇ ರಚನೆಯ ಇನ್ನೊಂದು ಪಾಠ ಸಿಕ್ಕಾಗ ಒಂದು ಗಳಿಗೆ ವಿಚಿತ್ರವೆನಿಸುತ್ತದೆ. ಅಧ್ಯಯನಕ್ಕೆ ಅದು ಒಳ್ಳೆಯ ಸಾಮಗ್ರಿಯೇ. ಆದರೂ ಹೀಗೆ ಸೇರಿಸಿದ ಹೆಚ್ಚುವರಿ ರಚನೆಗಳನ್ನು ಆಲ್ಬಮ್ಮಿನ ಭಾಗವೆಂದು ನಾನು ಒಪ್ಪುವುದಿಲ್ಲ, ಮೂಲ ಆಲ್ಬಮ್ ಮುಗಿದಲ್ಲಿಗೆ ನಿಲ್ಲಿಸಿಬಿಡುತ್ತೇನೆ. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಮತ್ತು ಬ್ರಿಜ್ ಭೂಷಣ್ ಕಾಬ್ರಾ ಅವರ 1967ರ 'ಕಾಲ್ ಆಫ್ ದ ವ್ಯಾಲಿ'ಯಂಥ ಆಲ್ಬಮ್ಮನ್ನು ಇಲ್ಲಿ ನೆನೆಯಬಹುದು. ಸಂತೂರ್, ಕೊಳಲು, ಗಿಟಾರ್‌ಗಳಲ್ಲಿ ಅದು ಕುರಿಗಾಹಿಯೊಬ್ಬನ ಒಂದು ದಿನವನ್ನು ಬೆಳಗಿನ ರಾಗದಿಂದ ಇರುಳಿನವರೆಗೆ ನಡೆಸಿಕೊಂಡು ಹೋಗುತ್ತದೆ. ಇರುಳು ಕವಿದ ಮೇಲೆ ಇನ್ನೇನನ್ನೋ ಅಂಟಿಸಿದರೆ ಆ ಕಟ್ಟಡವೇ ಸಡಿಲವಾಗುತ್ತದೆ.

ಈಚಿನ ಖರೀದಿಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9ರಂದು ಧ್ವನಿಮುದ್ರಣ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಮುದ್ರಣಗೊಂಡು 1965ರಲ್ಲಿ ಹೊರಬಂದ, ಸುಮಾರು 33 ನಿಮಿಷಗಳ ಈ ಆಲ್ಬಮ್ಮಿನಲ್ಲಿ ನಾಲ್ಕು ಭಾಗಗಳಿವೆ. ಇದನ್ನು ಎಲ್‌ಪಿಯಾಗಿಯೇ ಕೊಳ್ಳಬೇಕೆಂದು ನಾನು ಹಟ ಹಿಡಿಯಲು ಕಾರಣ ಅದರ ಕವರ್. ಪುಸ್ತಕದಂತೆ ತೆರೆದುಕೊಳ್ಳುವ ಆ ಕವರಿನ ಒಳಗೆ ಕೋಲ್ಟ್ರೇನ್ ಅವರು ಕೇಳುಗರಿಗೆ ಬರೆದ ಪತ್ರವಿದೆ, ಅವರೇ ಬರೆದ ದೀರ್ಘ ಪ್ರಾರ್ಥನಾ ಕವಿತೆಯೂ ಇದೆ. ಕೊನೆಯ ಭಾಗವಾದ 'ಸಾಮ್'ನಲ್ಲಿ ಅವರ ಸ್ಯಾಕ್ಸೊಫೋನ್ ಆ ಕವಿತೆಯನ್ನೇ ಅಕ್ಷರ ಅಕ್ಷರವಾಗಿ ನುಡಿಯುತ್ತ ಹೋಗುತ್ತದೆ, ಹಾಡುಗಾರರಾಗಲಿ ಓದುಗರಾಗಲಿ ಯಾರೂ ಇಲ್ಲ. ಕವರನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಸಾಲುಗಳ ಮೇಲೆ ಬೆರಳಾಡಿಸುತ್ತ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಸಾಲು ಉದ್ದವಾದಲ್ಲಿ ಸ್ವರಗುಚ್ಛ ಉದ್ದವಾಗುತ್ತದೆ, ಸಾಲು ತುಂಡಾದಲ್ಲಿ ಉಸಿರು ನಿಲ್ಲುತ್ತದೆ. ದೇವರಿಗೆ ಕೃತಜ್ಞತೆ ಹೇಳುವ ಮಾತು ಬಂದಾಗಲೆಲ್ಲ ಸ್ವರವು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಕೆಳಗಿಳಿದು ನೆಲೆ ನಿಲ್ಲುತ್ತದೆ. ಈ ಭಾಗವನ್ನು ನಾನು ಮೊದಲು ಎಷ್ಟೋ ಸಲ ಕೇಳಿದ್ದೆ, ನಿಧಾನಗತಿಯ ಒಂದು ಸುಂದರ ಆಲಾಪವೆಂದಷ್ಟೇ ತಿಳಿದಿದ್ದೆ. ಕವಿತೆ ಕಣ್ಣಮುಂದೆ ಇದ್ದಾಗ ಅದು ಬೇರೆಯದೇ ಸಂಗೀತ. ಬೆರಳ ಗಾತ್ರದ ಮುಖಚಿತ್ರವನ್ನಷ್ಟೇ ತೋರಿಸುವ ಪರದೆಯ ಮೇಲೆ ಆ ಕವಿತೆ ಕಾಣುವುದಿಲ್ಲ.

ಹಾಗೆಂದು ಎಲ್‌ಪಿಯೇ ಶ್ರೇಷ್ಠ ಎಂದು ಹೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನಿಮಿಷಕ್ಕೆ ಮೂವತ್ತಮೂರೂ ಕಾಲು ಸುತ್ತಿಗಿಂತ ತುಸು ಹೆಚ್ಚಿನ ವೇಗದಲ್ಲಿ ತಿರುಗುವ 12 ಇಂಚಿನ ರೆಕಾರ್ಡಿನ ಹೊರ ಅಂಚಿನಲ್ಲಿ, ಸಂಗೀತವನ್ನು ಕೊರೆದಿರುವ ಜಾಡು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸರಿಯುತ್ತದೆ. ಸೂಜಿ ನಡುವಿನ ಲೇಬಲ್ ಹತ್ತಿರ ಬರುವ ಹೊತ್ತಿಗೆ ಆ ವೇಗ ಸುಮಾರು 21 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದ ಜಾಡಿನಲ್ಲಿ ತುರುಕಬೇಕಾಗುವುದರಿಂದ ಮೇಲು ಸ್ಥಾಯಿಯ ಸ್ವರಗಳು, ಹಾಡಿನಲ್ಲಿ ಬರುವ 'ಸ'ಕಾರ 'ಷ'ಕಾರಗಳು ಅಲ್ಲಿ ಒರಟಾಗುತ್ತವೆ. ಎತ್ತರದ ದನಿಯಲ್ಲಿ ಮುಗಿಯುವ ವಾದ್ಯವೃಂದದ ಕೃತಿಗಳಿಗೆ ಇದು ದೊಡ್ಡ ತೊಂದರೆ, ಏಕೆಂದರೆ ಕೃತಿಯ ಶಿಖರವೇ ಬದಿಯ ದುರ್ಬಲ ಜಾಗಕ್ಕೆ ಬಂದು ಬೀಳುತ್ತದೆ. ಇನ್ನು ಬದಿಯೊಂದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಬಹಳ ಹೆಚ್ಚು ತುಂಬಿದರೆ ಜಾಡುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಒಟ್ಟು ದನಿಯನ್ನೂ ಬಾಸನ್ನೂ ತಗ್ಗಿಸಬೇಕಾಗುತ್ತದೆ. ಕೀತ್ ಜ್ಯಾರೆಟ್ ಅವರ 1975ರ 'ದ ಕಲೋನ್ ಕಾನ್ಸರ್ಟ್'ನ ಮೊದಲ ಭಾಗ 26 ನಿಮಿಷ ಒಂದೇ ಬದಿಯಲ್ಲಿ ನಿಂತಿದೆಯೆಂದರೆ ಅದು ಒಂಟಿ ಪಿಯಾನೋ ಆದ್ದರಿಂದ. ಅಷ್ಟೇ ಉದ್ದದ ರಾಕ್ ಸಂಗೀತವನ್ನು ಹಾಗೆ ತುಂಬಿದರೆ ಸಪ್ಪೆಯಾಗುತ್ತದೆ. ಆದ್ದರಿಂದ ಎಲ್‌ಪಿ ಕೊಳ್ಳುವಾಗ ನಾನು ಕವರಿನ ಹಿಂಬದಿಯಲ್ಲಿ ಮೊದಲು ನೋಡುವುದು ಪ್ರತಿ ಬದಿಯ ಒಟ್ಟು ಅವಧಿಯನ್ನು.

ಗೂಲ್ಡ್ ಅವರ ಸಂಪುಟವನ್ನು ಸಿಡಿಯಲ್ಲೇ ಕೊಂಡದ್ದು ಭಾಗಶಃ ಇದೇ ಕಾರಣಕ್ಕೆ. ಅವರು 1955ರಲ್ಲೊಮ್ಮೆ, 1981ರಲ್ಲಿ ಇನ್ನೊಮ್ಮೆ ಅದೇ ಕೃತಿಯನ್ನು ನುಡಿಸಿದರು. ಎರಡೂ ಸಲ ಮುದ್ರಣ ನಡೆದದ್ದು ಮೇಲೆ ಹೇಳಿದ 30ನೇ ಬೀದಿಯ ಸ್ಟುಡಿಯೋದಲ್ಲೇ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51. 'ಏರಿಯಾ' ಎಂಬ ಆರಂಭದ ಭಾಗವೊಂದನ್ನೇ ತೆಗೆದುಕೊಂಡರೂ ಮೊದಲ ಸಲ ಎರಡು ನಿಮಿಷದೊಳಗೆ ಮುಗಿದದ್ದು ಎರಡನೆಯ ಸಲ ಮೂರು ನಿಮಿಷ ದಾಟುತ್ತದೆ. 2002ರಲ್ಲಿ ಬಂದ ಸಂಪುಟದಲ್ಲಿ ಎರಡೂ ಒಟ್ಟಿಗಿವೆ. ಅದರ ವಿಶೇಷವೆಂದರೆ, 1981ರ ವಾದನಕ್ಕೆ ಆರಂಭಕಾಲದ ಡಿಜಿಟಲ್ ಮುದ್ರಣವನ್ನು ಬಿಟ್ಟು, ಅದರ ಜೊತೆಜೊತೆಗೇ ಓಡಿಸಿದ್ದ ಅನಲಾಗ್ ಟೇಪುಗಳನ್ನು ಬಳಸಿದ್ದಾರೆ. ನನ್ನ ಕಿವಿಗೆ ಪಿಯಾನೋದ ನಾದ ಇದರಲ್ಲಿ ಹೆಚ್ಚು ಮೈದುಂಬಿದೆ, ಗೂಲ್ಡ್ ಗುನುಗುವುದೂ ಹತ್ತಿರದಲ್ಲೇ ಕೇಳುತ್ತದೆ. ಆ ಗುನುಗನ್ನು ಸಹಿಸಲಾರದವರಿದ್ದಾರೆ, ನನಗೇನೂ ಅಡ್ಡಿಯಿಲ್ಲ.

ಆದರೆ ಹೊಸ ರೀಮಾಸ್ಟರ್, ಅಂದರೆ ಹಳೆಯ ಮುದ್ರಣದ ದನಿಯನ್ನು ಮತ್ತೆ ಹದಗೊಳಿಸಿದ ಆವೃತ್ತಿ, ಎಂಬ ಚೀಟಿ ಕಂಡೊಡನೆ ಕೈಹಾಕುವುದು ಜಾಣತನವಲ್ಲ. ಸಿಡಿಯ ಕಾಲದಲ್ಲಿ, ವಿಶೇಷವಾಗಿ 1990ರ ದಶಕದಿಂದೀಚೆಗೆ, ಪಕ್ಕದ ಹಾಡಿಗಿಂತ ತಮ್ಮ ಹಾಡು ಜೋರಾಗಿ ಕೇಳಬೇಕೆಂಬ ಪೈಪೋಟಿಯಲ್ಲಿ ಮೆಲುದನಿಯನ್ನು ಮೇಲೆತ್ತಿ, ಏರುದನಿಯನ್ನು ಒತ್ತಿಹಾಕಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಪದ್ಧತಿ ಬೆಳೆಯಿತು. ಮೆಟಾಲಿಕಾ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಅದೇ ಹಾಡುಗಳು 'ಗಿಟಾರ್ ಹೀರೋ' ಆಟಕ್ಕಾಗಿ ಬಂದಾಗ ಅಷ್ಟು ಒತ್ತಡಕ್ಕೊಳಗಾಗಿರಲಿಲ್ಲವೆಂದೂ, ಸಿಡಿಗಿಂತ ಆಟದಲ್ಲೇ ಚೆನ್ನಾಗಿ ಕೇಳುತ್ತವೆಂದೂ ಅಭಿಮಾನಿಗಳೇ ಪತ್ತೆಹಚ್ಚಿದರು. 1980ರ ದಶಕದ ಹಳೆಯ ಸಿಡಿಗಳನ್ನು ಕೆಲವರು ಇಂದಿಗೂ ಹುಡುಕಿ ಕೊಳ್ಳುವುದು ಇದರಿಂದಲೇ. ಅವು ಮೆಲ್ಲಗೆ ಕೇಳುತ್ತವೆ, ಆದರೆ ದನಿ ತಿರುಗಿಸಿ ಏರಿಸಿದರೆ ಏರಿಳಿತವೆಲ್ಲ ಹಾಗೇ ಉಳಿದಿರುತ್ತದೆ.

ಹಳೆಯ ಎಲ್‌ಪಿಗಳನ್ನು ಕೊಳ್ಳುವವರ ಲೋಕದಲ್ಲಿ ಬೇರೆಯದೇ ಲೆಕ್ಕಾಚಾರವಿದೆ. ಕೊನೆಯ ಹಾಡು ಮತ್ತು ಲೇಬಲ್ ನಡುವಿನ ನುಣುಪು ಪಟ್ಟಿಯಲ್ಲಿ ಕೊರೆದಿರುವ ಅಕ್ಷರ ಮತ್ತು ಅಂಕಿಗಳೇ ಆ ಪ್ರತಿಯ ಜಾತಕ. ಯಾವ ಕೊರೆತದಿಂದ ಅದು ಬಂತು ಎಂಬುದನ್ನು ಅವು ಹೇಳುತ್ತವೆ, ಎಷ್ಟೋ ವೇಳೆ ಕೊರೆದ ಎಂಜಿನಿಯರಿನ ಹೆಸರನ್ನೂ. ವ್ಯಾನ್ ಗೆಲ್ಡರ್ ಅವರ ಹೆಸರಿನ ಮುದ್ರೆ ಅಲ್ಲಿ ಕಂಡರೆ ಜ್ಯಾಝ್ ಸಂಗ್ರಾಹಕರ ಮುಖ ಅರಳುತ್ತದೆ. ಆಲ್ಬಮ್‌ಗಳ ಆವೃತ್ತಿಗಳನ್ನು ಪಟ್ಟಿಮಾಡುವ, 2000ದಲ್ಲಿ ಶುರುವಾದ ಡಿಸ್ಕಾಗ್ಸ್ ಜಾಲತಾಣದಲ್ಲಿ ಆ ಅಂಕಿಗಳನ್ನು ಹಾಕಿ ಹುಡುಕಿದರೆ ಕೈಯಲ್ಲಿರುವುದು ಯಾವ ಮುದ್ರಣ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ರೆಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡಬೇಕು. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಎಷ್ಟು ಉಜ್ಜಿದ ಗುರುತುಗಳಿವೆ ಎಂಬುದನ್ನೂ ನೋಡಬೇಕು, ಅದು ಎಷ್ಟು ಸಲ ಹಾಕಿ ತೆಗೆದಿದ್ದಾರೆ ಎಂಬುದರ ಸುಳಿವು. ಮಾರುವವರ ಶ್ರೇಣಿಗಳಲ್ಲಿ 'ವೆರಿ ಗುಡ್' ಎಂದಿದ್ದರೆ ಬಹಳ ಚೆನ್ನಾಗಿದೆ ಎಂದು ನಂಬಿಬಿಡಬೇಡಿ. ಕಣ್ಣಿಗೆ ಕಾಣುವ ಗೀರು ಮತ್ತು ಮೆದು ಭಾಗಗಳಲ್ಲಿ ಕೇಳುವ ಚಟಪಟ ಸದ್ದು ಇರುವ ಪ್ರತಿಗೆ ಹಾಕುವ ಹೆಸರದು. ಹೊಸದರಂತೆ ಇರಬೇಕಾದರೆ 'ನಿಯರ್ ಮಿಂಟ್' ಎಂದಿರಬೇಕು.

'ವಲ್ಚರ್ ಪ್ರಿನ್ಸ್'ನ ವಿಷಯ ಚಿಕ್ಕದು. ತೀರಿಕೊಂಡ ತಮ್ಮನ ನೆನಪಿಗೆ ಅರೂಜ್ ಆಫ್ತಾಬ್ ಅರ್ಪಿಸಿದ, 2021ರಲ್ಲಿ ಬಂದ ಆಲ್ಬಮ್ ಇದು. ಇದರ 'ಮೊಹಬ್ಬತ್' ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂತು. ಅದೇ ವರ್ಷ ಹೊರಬಂದ ಮರುಬಿಡುಗಡೆಯಲ್ಲಿ ಅನೌಷ್ಕಾ ಶಂಕರ್ ಅವರ ಸಿತಾರ್ ಇರುವ 'ಉಧೇರೋ ನಾ' ಎಂಬ ಹಾಡು ಹೊಸದಾಗಿ ಸೇರಿತು. ಆ ಹಾಡು ನನಗೆ ಇಷ್ಟವೇ, ಆದರೂ ಮೊದಲಿನ ಕ್ರಮವನ್ನೇ ಇಟ್ಟುಕೊಂಡಿದ್ದೇನೆ. ಸಂಕುಚನವಿದ್ದರೂ ನಾದನಷ್ಟವಿಲ್ಲದ ಫ್ಲ್ಯಾಕ್ ರೂಪದಲ್ಲಿ ಇದನ್ನು ಇಳಿಸಿಕೊಂಡದ್ದರಿಂದ ಕಪಾಟಿನಲ್ಲಿ ಜಾಗವೂ ಬೇಕಾಗಲಿಲ್ಲ.

ಕೊಂಡದ್ದನ್ನು ಪರಸ್ಪರ ಹೇಳಿಕೊಳ್ಳುವ ರೀತಿಯ ಬಗ್ಗೆಯೂ ಒಂದು ಮಾತು. ಇಪ್ಪತ್ತು ಆಲ್ಬಮ್‌ಗಳನ್ನು ನೆಲದ ಮೇಲೆ ಹರಡಿ ತೆಗೆದ ಫೋಟೊದಿಂದ ನೋಡುವವರಿಗೆ ತಿಳಿಯುವುದು ಕೊಂಡವರ ಹುರುಪು ಮಾತ್ರ. ಪ್ಲಾಸ್ಟಿಕ್ ಹೊದಿಕೆಯನ್ನು ಒಡೆಯದೆ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುವವರ ಬಗ್ಗೆ ನನಗೆ ದ್ವೇಷವಿಲ್ಲ, ಅವರೊಡನೆ ಮಾತಾಡಲು ವಿಷಯವೂ ಇಲ್ಲ. ಒಂದೇ ಆಲ್ಬಮ್ ಕೊಂಡು, ಇದು ಇಂಥ ವರ್ಷದ ಮುದ್ರಣ, ಎರಡನೆಯ ಬದಿಯ ಆರಂಭದಲ್ಲಿ ಸಣ್ಣ ಸದ್ದಿದೆ, ಹಳೆಯ ಸಿಡಿಗಿಂತ ಇದರಲ್ಲಿ ಬಾಸ್ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಬರೆಯುವವರನ್ನು ನಾನು ಹುಡುಕಿಕೊಂಡು ಹೋಗಿ ಓದುತ್ತೇನೆ. ಗೂಲ್ಡ್ ಸಂಪುಟದ ಅನಲಾಗ್ ಟೇಪಿನ ವಿಷಯ ನನಗೆ ತಿಳಿದದ್ದು ಅಂಥ ಅಪರಿಚಿತರೊಬ್ಬರ ನಾಲ್ಕು ಸಾಲಿನಿಂದ.

ಇನ್ನು ನಿಮ್ಮ ವಿಷಯ. ಪ್ಲೇಯರ್ ಇಲ್ಲದವರು ರೆಕಾರ್ಡ್ ಕೊಳ್ಳಲೆಂದು ಪ್ಲೇಯರ್ ತರುವ ಅಗತ್ಯ ಈಗಲೇ ಇಲ್ಲ. ಸೂಜಿಯ ಭಾರವನ್ನು ಸರಿಪಡಿಸಲಾಗದ ಅಗ್ಗದ ಪ್ಲೇಯರುಗಳು ಜಾಡನ್ನೇ ಸವೆಸುವುದುಂಟು. ನೀವು ಈಗಾಗಲೇ ಮನಸ್ಸಿಗೆ ಹಚ್ಚಿಕೊಂಡಿರುವ ಒಂದು ಆಲ್ಬಮ್ಮನ್ನು ಆರಿಸಿ, ಅದರ ಆವೃತ್ತಿಗಳ ಬಗ್ಗೆ ಸ್ವಲ್ಪ ಓದಿ, ಸಿಡಿ ಇಲ್ಲವೇ ಫ್ಲ್ಯಾಕ್ ರೂಪದಲ್ಲಿ ಕೊಳ್ಳಿ. 16 ಬಿಟ್, 44.1 ಕಿಲೋಹರ್ಟ್ಸ್ ಎಂಬ ಸಿಡಿ ಗುಣಮಟ್ಟವೇ ಕಿವಿಗೆ ಧಾರಾಳವಾಗಿ ಸಾಕು, ಅದಕ್ಕಿಂತ ದೊಡ್ಡ ಅಂಕಿಗಳಿಗೆ ಹೆಚ್ಚು ಹಣ ತೆರಬೇಡಿ. ಫೈಲುಗಳಾದರೆ ಎರಡು ಬೇರೆ ಬೇರೆ ಕಡೆ ಪ್ರತಿ ಇಟ್ಟುಕೊಳ್ಳಿ. ಮಾರಿದವರ ಜಾಲತಾಣ ಸದಾಕಾಲ ಇರುತ್ತದೆಂದು ಹೇಳಲಾಗದು. ಕೊಂಡ ಮೇಲೆ ಯಾವುದನ್ನು ಕೊಂಡಿರಿ ಎಂದು ಇಲ್ಲಿ ತಿಳಿಸಿ. ಸಿಡಿಯಾದರೆ ಅದರ ಬೆನ್ನಿನ ಮೇಲೆ ಸಣ್ಣದಾಗಿ ಅಚ್ಚಾಗಿರುವ ಕ್ಯಾಟಲಾಗ್ ಸಂಖ್ಯೆಯನ್ನೂ ಬರೆಯಿರಿ, ಅದು ಯಾವ ಮುದ್ರಣ ಎಂಬುದನ್ನು ನೋಡಿ ಹೇಳುತ್ತೇನೆ.